ಕೆರಿಆ ಅಬ್ರಿರ್ ಉನಾ ಕ್ವೆಂತಾ: ವಲೆನ್ಸಿಯಾದ ಬ್ಯಾಂಕುಗಳಲ್ಲಿ ನಾನು ಕಲಿತ ಸ್ಪ್ಯಾನಿಷ್

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಎರಡು ವರ್ಷಗಳ ಸಂಶೋಧನಾ ಒಪ್ಪಂದದ ಮೇಲೆ ಸ್ಪೇನಿನ ವಲೆನ್ಸಿಯಾ ನಗರಕ್ಕೆ ಬಂದಿಳಿದಾಗ ನನಗೆ ಗೊತ್ತಿದ್ದ ಸ್ಪ್ಯಾನಿಷ್ ಊಟ ಕೇಳುವುದಕ್ಕೆ ಮತ್ತು ರೈಲಿನ ವೇಳೆ ವಿಚಾರಿಸುವುದಕ್ಕೆ ಸಾಕಾಗುವಷ್ಟಿತ್ತು. ವಿಶ್ವವಿದ್ಯಾಲಯದ ಸಂಬಳ ವಿಭಾಗದವರು ಮೊದಲ ದಿನವೇ ಕೇಳಿದ್ದು ಬ್ಯಾಂಕ್ ಖಾತೆಯ ಸಂಖ್ಯೆಯನ್ನು. ಇಲ್ಲಿ ಅದಕ್ಕೆ ‘ಇಬಾನ್’ ಎನ್ನುತ್ತಾರೆ. ಸ್ಪೇನಿನ ಇಬಾನ್‌ನಲ್ಲಿ ಒಟ್ಟು 24 ಸ್ಥಾನಗಳಿವೆ. ದೇಶವನ್ನು ಸೂಚಿಸುವ ಎರಡು ಅಕ್ಷರ, ಎರಡು ತಾಳೆಯ ಅಂಕಿ, ನಾಲ್ಕು ಅಂಕಿಯ ಬ್ಯಾಂಕ್ ಸಂಕೇತ, ನಾಲ್ಕು ಅಂಕಿಯ ಶಾಖೆಯ ಸಂಕೇತ, ಮತ್ತೆರಡು ತಾಳೆಯ ಅಂಕಿ, ಕೊನೆಗೆ ಹತ್ತು ಅಂಕಿಯ ಖಾತೆ ಸಂಖ್ಯೆ. ಅದನ್ನು ಒದಗಿಸದೆ ಸಂಬಳವಿಲ್ಲ.

ಬಾಡಿಗೆ ಮನೆಯವರಿಗೂ ಅದೇ ಇಬಾನ್ ಬೇಕಿತ್ತು. ಮನೆಯ ಕರಾರು ಪತ್ರವಿಲ್ಲದೆ ನಗರಸಭೆಯ ನಿವಾಸಿ ಪಟ್ಟಿಯಲ್ಲಿ, ಅಂದರೆ ‘ಪದ್ರೋನ್’ನಲ್ಲಿ, ಹೆಸರು ಬರೆಸಲು ಬರುವುದಿಲ್ಲ, ಪದ್ರೋನಿನ ಪ್ರಮಾಣಪತ್ರವಿಲ್ಲದೆ ವಿದೇಶೀಯರ ಗುರುತಿನ ಚೀಟಿ ಕೈಗೆ ಬರುವುದಿಲ್ಲ, ಆ ಚೀಟಿಯಿಲ್ಲದೆ ಕೆಲವು ಶಾಖೆಗಳಲ್ಲಿ ಖಾತೆ ತೆರೆಯುವುದಿಲ್ಲ. ಇಂಥ ಸುತ್ತಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ‘ತನ್ನ ಬಾಲವನ್ನೇ ಕಚ್ಚಿಕೊಂಡ ಮೀನು’ ಎಂಬ ನುಡಿಗಟ್ಟಿದೆ, ‘ಲಾ ಪೆಸ್ಕದೀಯಾ ಕೆ ಸೆ ಮ್ವೆರ್ದೆ ಲಾ ಕೋಲಾ’. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎಂಬ ನಮ್ಮ ಗಾದೆಯನ್ನು ನಾನು ಮನೆಯೊಡತಿಗೆ ಅನುವಾದಿಸಿ ಹೇಳಿದಾಗ ಆಕೆ ನಕ್ಕು, ಅದು ತಮ್ಮದಕ್ಕಿಂತ ಚೆನ್ನಾಗಿದೆ ಎಂದು ಒಪ್ಪಿಕೊಂಡರು.

ಖಾತೆ ತೆರೆಯುವುದಕ್ಕೂ ಮೊದಲೇ ಬ್ಯಾಂಕಿಗೆ ಹೋಗಬೇಕಾಗಿ ಬಂದದ್ದು ಗುರುತಿನ ಚೀಟಿಯ ಶುಲ್ಕ ಕಟ್ಟುವುದಕ್ಕೆ. ದೇಶಕ್ಕೆ ಬಂದ ಒಂದು ತಿಂಗಳೊಳಗೆ ಆ ಚೀಟಿಗೆ ಅರ್ಜಿ ಹಾಕಬೇಕು. ಅರ್ಜಿಯ ಜೊತೆ ‘ಮೊದೇಲೊ 790, ಕೋದಿಗೊ 012’ ಎಂಬ ನಮೂನೆಯಲ್ಲಿ ಸರ್ಕಾರದ ಶುಲ್ಕ, ಅಂದರೆ ‘ತಾಸಾ’, ಕಟ್ಟಿದ ಗುರುತಿರಬೇಕು. ನಮೂನೆ ಮೂರು ಪ್ರತಿಗಳಲ್ಲಿ ಅಚ್ಚಾಗುತ್ತದೆ: ಒಂದು ಇಲಾಖೆಗೆ, ಒಂದು ಕಟ್ಟಿದವರಿಗೆ, ಒಂದು ಬ್ಯಾಂಕಿಗೆ. ಉಡುಪಿಯಲ್ಲಿ ಬ್ಯಾಂಕಿನ ಗುಮಾಸ್ತರಾಗಿ ನಿವೃತ್ತರಾದ ಅಪ್ಪನಿಗೆ ಫೋನಿನಲ್ಲಿ ಇದನ್ನು ವಿವರಿಸಿದಾಗ ಅವರು, ‘ಅಯ್ಯೋ, ಅದು ನಮ್ಮ ಚಲನ್ ಅಲ್ವೇನೇ’ ಎಂದರು. ನಿಜ, ಅದು ಚಲನ್. ಆ ಒಂದು ಪದ ಸಿಕ್ಕ ಮೇಲೆ ನಮೂನೆಯ ಭಯ ಅರ್ಧ ಇಳಿಯಿತು.

ನಾನು ಹೋದದ್ದು ಸೋಮವಾರ, ಹನ್ನೊಂದೂವರೆಗೆ. ಗಾಜಿನ ಬಾಗಿಲ ಮೇಲೆ ‘ತಿರಾರ್’ ಎಂದು ಬರೆದಿತ್ತು, ತಳ್ಳಿದೆ, ತೆರೆಯಲಿಲ್ಲ. ‘ತಿರಾರ್’ ಎಂದರೆ ಎಳೆಯುವುದು, ‘ಎಂಪುಹಾರ್’ ಎಂದರೆ ತಳ್ಳುವುದು. ಒಳಗೆ ಕಾಲಿಟ್ಟರೆ ಸಾಲೇ ಇರಲಿಲ್ಲ. ಐದಾರು ಜನ ಅಲ್ಲೊಬ್ಬರು ಇಲ್ಲೊಬ್ಬರು ನಿಂತಿದ್ದರು, ಇಬ್ಬರು ವೃದ್ಧೆಯರು ಬೆಂಚಿನ ಮೇಲೆ ಕುಳಿತು ಹರಟುತ್ತಿದ್ದರು. ನಾನು ಸೀದಾ ಕೌಂಟರಿನ ಮುಂದೆ ಹೋಗಿ ನಿಂತೆ. ಹಿಂದಿನಿಂದ ಏಕಕಾಲಕ್ಕೆ ಮೂರು ದನಿಗಳು ಎದ್ದವು.

ಸಾಲು ಇತ್ತು, ಆದರೆ ಅದು ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ. ಒಳಗೆ ಬಂದವರು ಎಲ್ಲರಿಗೂ ಕೇಳುವಂತೆ ‘ಬ್ವೇನೊಸ್ ದೀಆಸ್, ಕ್ಯೆನ್ ಎಸ್ ಎಲ್ ಉಲ್ತಿಮೊ?’ ಎನ್ನಬೇಕು, ನಮಸ್ಕಾರ, ಕೊನೆಯವರು ಯಾರು ಎಂದು ಅದರ ಅರ್ಥ. ಯಾರೋ ಒಬ್ಬರು ‘ಯೊ’ ಎಂದೋ, ‘ಸೋಯ್ ಯೊ’ ಎಂದೋ ಕೈಯೆತ್ತುತ್ತಾರೆ. ಅವರ ಮುಖ ನೆನಪಿಟ್ಟುಕೊಂಡರೆ ನಮ್ಮ ಸರದಿ ಅವರ ಬೆನ್ನಿಗೆ ಅಂಟಿಕೊಂಡಿತೆಂದು ಲೆಕ್ಕ. ಆಮೇಲೆ ಎಲ್ಲಿ ಬೇಕಾದರೂ ಕೂರಬಹುದು. ಸ್ಪ್ಯಾನಿಷ್ ಭಾಷೆಯಲ್ಲಿ ಬ್ಯಾಂಕಿಗೂ ‘ಬಾಂಕೊ’ ಎನ್ನುತ್ತಾರೆ, ಕೂರುವ ಬೆಂಚಿಗೂ ‘ಬಾಂಕೊ’ ಎನ್ನುತ್ತಾರೆ. ಆ ಬಾಂಕೊದ ಮೇಲೆ ಕುಳಿತಿದ್ದ ವೃದ್ಧೆಯೊಬ್ಬರು ಸರಿದು ಜಾಗ ಕೊಟ್ಟು, ‘ಕೆ ನೆಥೆಸೀತಾಸ್, ಈಹಾ?’ ಎಂದು ಕೇಳಿದರು. ‘ಈಹಾ’ ಎಂದರೆ ಮಗಳು. ಗುರುತಿಲ್ಲದ ಹೆಣ್ಣುಮಗಳನ್ನು ‘ಏನು ಬೇಕಮ್ಮಾ ಮಗಳೇ’ ಎಂದು ವಿಚಾರಿಸುವ ಅಜ್ಜಿಯರು ಈ ಊರಿನಲ್ಲೂ ಇದ್ದಾರೆಂದು ತಿಳಿದು ನನ್ನ ಕೈಯಲ್ಲಿದ್ದ ಮೂರು ಪ್ರತಿಗಳನ್ನೂ ಅವರ ಕೈಗೇ ಕೊಟ್ಟುಬಿಟ್ಟೆ.

ಅವರು ಗಾಜಿಗೆ ಅಂಟಿಸಿದ್ದ ಕಾಗದದತ್ತ ಬೆರಳು ತೋರಿಸಿದರು. ‘ಒರಾರ್ಯೊ ದೆ ಕಾಹಾ’, ಅಂದರೆ ಹಣ ಕಟ್ಟುವ ಕೌಂಟರಿನ ವೇಳೆ. ‘ಕಾಹಾ’ ಎಂದರೆ ಪೆಟ್ಟಿಗೆ, ಗಲ್ಲಾಪೆಟ್ಟಿಗೆ ಎರಡೂ. ಆ ಶಾಖೆಯಲ್ಲಿ ಬಿಲ್ಲು ಮತ್ತು ಶುಲ್ಕ ಕಟ್ಟುವವರಿಗೆ ‘ಮಾರ್ತೆಸ್ ಇ ಹ್ವೇಬೆಸ್’ 8:30ರಿಂದ 10:30ರವರೆಗೆ ಮಾತ್ರ ಅವಕಾಶವಿತ್ತು. ಈ ವಾರದ ಹೆಸರುಗಳನ್ನು ನಾನು ಇಂಗ್ಲಿಷಿನ ಮೂಲಕ ಬಾಯಿಪಾಠ ಮಾಡಲು ಒದ್ದಾಡಿದ್ದೆ. ಅಂದು ಆ ಬೆಂಚಿನ ಮೇಲೆ ಕುಳಿತಾಗ ಹೊಳೆಯಿತು: ‘ಲೂನೆಸ್’ ಎಂದರೆ ಚಂದ್ರನ ದಿನ, ನಮ್ಮ ಸೋಮವಾರ, ‘ಮಾರ್ತೆಸ್’ ಮಂಗಳ ಗ್ರಹದ ದಿನ, ‘ಮ್ಯೇರ್ಕೊಲೆಸ್’ ಬುಧನದು, ‘ಹ್ವೇಬೆಸ್’ ಗುರುವಿನದು, ‘ಬ್ಯೇರ್ನೆಸ್’ ಶುಕ್ರನದು. ಪಂಚಾಂಗ ಗೊತ್ತಿರುವವರಿಗೆ ಇದರಲ್ಲಿ ಕಲಿಯುವುದು ಏನೂ ಇಲ್ಲ. ಇಷ್ಟು ದಿನ ಇಂಗ್ಲಿಷೆಂಬ ಬಳಸುದಾರಿಯನ್ನು ಯಾಕೆ ಹಿಡಿದಿದ್ದೆ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಅದೇ ಕಾಗದದ ಕೆಳಗೆ 65 ವರ್ಷ ದಾಟಿದವರಿಗೆ ಕೌಂಟರು ಬೆಳಗ್ಗೆ ಪೂರ್ತಿ ತೆರೆದಿರುತ್ತದೆಂಬ ಸಾಲಿತ್ತು. ಆ ಸಾಲಿನ ಹಿಂದೆ ಒಂದು ಹೋರಾಟವಿತ್ತೆಂದು ಅಜ್ಜಿಯೇ ಹೆಮ್ಮೆಯಿಂದ ಹೇಳಿದರು. ಬ್ಯಾಂಕುಗಳು ಶಾಖೆಗಳನ್ನು ಮುಚ್ಚಿ, ಕೌಂಟರಿನ ವೇಳೆಯನ್ನು ಕಡಿತಗೊಳಿಸಿ, ಎಲ್ಲರನ್ನೂ ಮೊಬೈಲಿಗೆ ತಳ್ಳುತ್ತಿದ್ದಾಗ ಇದೇ ವಲೆನ್ಸಿಯಾದ ಕಾರ್ಲೊಸ್ ಸಾನ್ ಹ್ವಾನ್ ಎಂಬ ನಿವೃತ್ತ ವೈದ್ಯರು, ಆಗ ಅವರಿಗೆ 78 ವರ್ಷ, ‘ಸೋಯ್ ಮಯೋರ್, ನೊ ಇದ್ಯೋತಾ’ ಎಂಬ ಹೆಸರಿನಲ್ಲಿ ಸಹಿ ಸಂಗ್ರಹ ಆರಂಭಿಸಿದರು. ವಯಸ್ಸಾಗಿದೆ, ಬುದ್ಧಿ ಕೆಟ್ಟಿಲ್ಲ ಎಂದು ಅದನ್ನು ಕನ್ನಡಿಸಬಹುದು. ಆರು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು; 2022ರ ಫೆಬ್ರುವರಿಯಲ್ಲಿ ಬ್ಯಾಂಕುಗಳು ಹಿರಿಯರಿಗಾಗಿ ಕೌಂಟರಿನ ವೇಳೆ ವಿಸ್ತರಿಸುವುದಾಗಿ ಒಪ್ಪಿಕೊಂಡವು. ಅಜ್ಜಿ ತಮ್ಮ ಸರದಿ ಬಂದಾಗ ಎದ್ದು, ‘ನಾನೂ ಸಹಿ ಹಾಕಿದ್ದೇನೆ’ ಎಂದು ಹೇಳಿ ಕೌಂಟರಿಗೆ ಹೋದರು. ನಾನು ಮಂಗಳವಾರ ಎಂಟೂವರೆಗೆ ಮತ್ತೆ ಬಂದೆ, ಕೊನೆಯವರು ಯಾರೆಂದು ಕೇಳಿದೆ, ಶುಲ್ಕ ಕಟ್ಟಿದೆ.

ಖಾತೆಗೆಂದು ಮೊದಲು ಹೋದದ್ದು ಇನ್ನೊಂದು ಬ್ಯಾಂಕಿಗೆ. ‘ಕ್ಯೇರೊ ಉನಾ ಕ್ವೆಂತಾ’ ಎಂದೆ. ಇಂಗ್ಲಿಷಿನ ಪುಸ್ತಕದಲ್ಲಿ ಹಾಗೆಯೇ ಇತ್ತು. ಮೇಜಿನ ಹಿಂದಿದ್ದಾತ ನನ್ನ ಪಾಸ್‌ಪೋರ್ಟನ್ನು ತಿರುವಿ ಹಾಕಿ ಏನೋ ಹೇಳಿದ; ಅದರಲ್ಲಿ ನನ್ನ ಕಿವಿಗೆ ಬಿದ್ದದ್ದು ‘ಫಾಲ್ತಾ’ ಎಂಬ ಒಂದೇ ಪದ. ‘ಲೆ ಫಾಲ್ತಾ ಲಾ ತರ್ಹೇತಾ.’ ಬೆಂಗಳೂರಿನಲ್ಲಿ ಓದಿದವಳಾದ ನನಗೆ ‘ಫಾಲ್ತು’ ಎಂದು ಕೇಳಿಸಿ ಮುಖ ಕೆಂಪಾಯಿತು. ನನ್ನ ದಾಖಲೆಗಳು ಕೆಲಸಕ್ಕೆ ಬಾರದವೆಂದು ಮುಖಕ್ಕೆ ಹೇಳುತ್ತಿದ್ದಾನೆಯೇ? ಹಾಗಲ್ಲ, ‘ಫಾಲ್ತಾ’ ಎಂದರೆ ಇಲ್ಲ, ಕಡಿಮೆಯಾಗಿದೆ, ಸಾಲದು. ಗುರುತಿನ ಚೀಟಿ ಇಲ್ಲವಲ್ಲ ಎಂದು ಆತ ಹೇಳುತ್ತಿದ್ದ. ಸ್ಪೇನಿನ ಯಾವುದೇ ಕಚೇರಿಗೆ ಹೋಗುವವರು ಮೊದಲು ಕಲಿಯಬೇಕಾದದ್ದು ಈ ಪದವನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಅಲ್ಲಿ ಏನಾದರೊಂದು ‘ಫಾಲ್ತಾ’ ಆಗದೆ ಇರುವುದೇ ಇಲ್ಲ. ಅದಕ್ಕೆ ಕೊಡಬೇಕಾದ ಪ್ರತಿಪ್ರಶ್ನೆ, ‘ಕೆ ಮೆ ಫಾಲ್ತಾ, ಎಕ್ಸಾಕ್ತಮೆಂತೆ?’, ಸರಿಯಾಗಿ ಏನು ಬೇಕು ಎಂಬುದು. ಅದರ ತಂಗಿಯಂಥ ಇನ್ನೊಂದು ಪದ ‘ಕದುಕಾದೊ’, ಅವಧಿ ಮುಗಿದಿದೆ. ಅಂದು ಆ ಬ್ಯಾಂಕಿನಿಂದ ಬರಿಗೈಯಲ್ಲಿ ಮರಳಿದೆ.

ರಾತ್ರಿ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಮನೆಯೊಡತಿಯ ಎದುರು ನನ್ನ ಮಾತನ್ನು ಮತ್ತೆ ಆಡಿ ತೋರಿಸಿದೆ. ಆಕೆ ಹಣೆ ಚಚ್ಚಿಕೊಂಡರು. ‘ಕ್ಯೇರೊ’ ಎನ್ನಬಾರದಂತೆ, ಅದು ಮಗು ಹಟ ಮಾಡಿ ‘ಬೇಕು’ ಎಂದ ಹಾಗಾಗುತ್ತದೆಯಂತೆ. ದೊಡ್ಡವರು ‘ಕೆರಿಆ’ ಎನ್ನುತ್ತಾರಂತೆ. ವ್ಯಾಕರಣದ ಪ್ರಕಾರ ಅದು ಭೂತಕಾಲ. ಬೇಕಾಗಿರುವುದು ಈಗ, ಕೇಳುವುದು ಭೂತಕಾಲದಲ್ಲಿ, ಇದೆಂಥ ವಿಚಿತ್ರವೆಂದು ಒಂದು ಕ್ಷಣ ಯೋಚಿಸಿ, ಮರುಕ್ಷಣ ನಾಲಿಗೆ ಕಚ್ಚಿಕೊಂಡೆ. ಉಡುಪಿಯ ಬ್ಯಾಂಕಿಗೆ ಹೋಗಿ ನಾನು ‘ಒಂದು ಖಾತೆ ಬೇಕು’ ಎನ್ನುವೆನೇ? ‘ಒಂದು ಖಾತೆ ತೆರೆಯಬೇಕಿತ್ತು’ ಎನ್ನುತ್ತೇನೆ. ‘ಬೇಕು’ ಎಂಬುದು ‘ಕ್ಯೇರೊ’ ಆದರೆ ‘ಬೇಕಿತ್ತು’ ಎಂಬುದೇ ‘ಕೆರಿಆ’. ‘ಕೆರಿಆ ಅಬ್ರಿರ್ ಉನಾ ಕ್ವೆಂತಾ’ ಎಂಬ ವಾಕ್ಯವನ್ನು ಆಮೇಲೆ ನಾನು ಮರೆಯಲಿಲ್ಲ.

‘ನೀನು’ ಮತ್ತು ‘ನೀವು’ಗಳ ವಿಚಾರವೂ ಹಾಗೆಯೇ. ‘ತು’ ಎಂದರೆ ನೀನು, ‘ಉಸ್ತೇದ್’ ಎಂದರೆ ನೀವು. ಆದರೆ ಉಸ್ತೇದ್ ಜೊತೆ ಬರುವ ಕ್ರಿಯಾಪದ ‘ಅವನು, ಅವಳು’ ಜೊತೆ ಬರುವಂಥದ್ದು. ಅದು ‘ತಮ್ಮ ಕೃಪೆ’ ಎಂಬರ್ಥದ ಹಳೆಯ ಸಂಬೋಧನೆ ಸವೆದು ಉಳಿದ ರೂಪ. ಎದುರಿಗಿರುವ ಮಠದ ಸ್ವಾಮಿಗಳನ್ನೇ ‘ಬುದ್ಧಿಯವರು ಏನಪ್ಪಣೆ ಕೊಡಿಸುತ್ತಾರೆ’ ಎಂದು ಕೇಳುವ ಜನರಿಗೆ ಇದು ಹೊಸದಲ್ಲ. ಸ್ಪೇನಿನಲ್ಲಿ ಈಗ ‘ತು’ ಎನ್ನುವುದೇ ಹೆಚ್ಚು. ಬ್ಯಾಂಕಿನ ಯುವ ನೌಕರರು ನನಗೆ ಮೊದಲ ವಾಕ್ಯದಿಂದಲೇ ‘ತು’ ಎಂದರು. ನಾನು ಮಾತ್ರ ಉಸ್ತೇದ್ ಬಿಡಲಿಲ್ಲ.

ಉಚ್ಚಾರಣೆಯಲ್ಲೂ ಕನ್ನಡದ ಬಾಯಿಗೆ ಹೆಚ್ಚು ಕಷ್ಟವಿಲ್ಲ. ಸ್ಪ್ಯಾನಿಷ್‌ನ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉಗಳೇ. ತ, ದಗಳು ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು. ಕ, ತ, ಪಗಳಿಗೆ ಉಸಿರು ಸೇರುವುದಿಲ್ಲ. ‘ವ’ ಬರೆದಲ್ಲಿ ‘ಬ’ ಎನ್ನುತ್ತಾರೆ; ವನವನ್ನು ಬನ, ವಸತಿಯನ್ನು ಬಸದಿ ಮಾಡಿಕೊಂಡ ನಾವು ಅದಕ್ಕೆ ಆಕ್ಷೇಪಿಸುವಂತಿಲ್ಲ. ವರ್ಣಮಾಲೆಯಲ್ಲಿ ಒಂಟಿಯಾಗಿ ಕೆಲಸವಿಲ್ಲದೆ ಕುಳಿತಿದ್ದ ಞಕಾರಕ್ಕೆ ಇಲ್ಲಿ ಕೈತುಂಬ ಕೆಲಸ: ‘ಸೆಞೋರಾ’, ‘ಎಸ್ಪಾಞಾ’, ಮತ್ತು ಬ್ಯಾಂಕಿನಲ್ಲಿ ದಿನವೂ ಬೇಕಾಗುವ ‘ಕೊಂತ್ರಸೇಞಾ’, ಅಂದರೆ ಪಾಸ್‌ವರ್ಡ್. ಹಳಗನ್ನಡದೊಡನೆ ಮರೆಯಾದ ಶಕಟ ರೇಫವನ್ನೂ ಮರಳಿ ಕರೆಯಬೇಕಾಯಿತು, ಏಕೆಂದರೆ ಸ್ಪ್ಯಾನಿಷ್‌ನಲ್ಲಿ ಎರಡು ಬಗೆಯ ರಕಾರಗಳಿವೆ. ಉಳಿತಾಯಕ್ಕೆ ‘ಆಒಱ್ಱೊ’ ಎನ್ನುವಾಗ ನಾಲಿಗೆಯನ್ನು ಚೆನ್ನಾಗಿ ಅದುರಿಸದಿದ್ದರೆ ಎದುರಿನವರಿಗೆ ತಿಳಿಯುವುದಿಲ್ಲ. ನಿಜವಾಗಿ ಹೊಸದಾಗಿದ್ದದ್ದು ಹಲ್ಲುಗಳ ನಡುವೆ ನಾಲಿಗೆಯ ತುದಿ ಚಾಚಿ ಹೇಳುವ ಒಂದು ಧ್ವನಿ ಮಾತ್ರ. ಅದನ್ನು ಇಲ್ಲಿ ‘ಥ’ ಎಂದು ಬರೆಯುತ್ತಿದ್ದೇನೆ.

ಮೂರನೆಯ ಬ್ಯಾಂಕಿಗೆ ಮುಂಚಿತವಾಗಿ ಸಮಯ ಗೊತ್ತುಮಾಡಿಕೊಂಡು ಹೋದೆ. ಇದಕ್ಕೆ ‘ಥೀತಾ ಪ್ರೇಬ್ಯಾ’ ಎನ್ನುತ್ತಾರೆ. ‘ತೆಂಗೊ ಥೀತಾ ಆ ಲಾಸ್ ದ್ಯೇಥ್’ ಎಂದರೆ ಹತ್ತಕ್ಕೆ ನನಗೆ ಸಮಯ ಕೊಟ್ಟಿದ್ದಾರೆ. ಶಾಖೆಗೆ ಕಾಗದದ ಮೇಲೆ ‘ಸುಕುರ್ಸಾಲ್’ ಎಂದಿದ್ದರೂ ಜನರ ಬಾಯಲ್ಲಿ ಅದು ‘ಒಫಿಥೀನಾ’. ಪಾಸ್‌ಪೋರ್ಟು, ವೀಸಾದ ಮೇಲೆ ಅಚ್ಚಾಗಿದ್ದ ವಿದೇಶೀಯರ ಸಂಖ್ಯೆ ‘ನಿಎ’, ಕೆಲಸದ ಕರಾರು ಪತ್ರ, ಇಷ್ಟನ್ನು ಮೇಜಿನ ಮೇಲಿಟ್ಟು, ಕಲಿತ ವಾಕ್ಯವನ್ನು ಹೇಳಿದೆ. ಎದುರಿಗಿದ್ದ ಮಹಿಳೆ ನಗುತ್ತ ನಮೂನೆ ತೆರೆದು, ‘ಅಪೆಯೀದೊಸ್?’ ಎಂದರು.

‘ಅಪೆಯೀದೊ’ ಎಂದರೆ ಕುಲನಾಮ. ಸ್ಪೇನಿನ ಪ್ರತಿಯೊಬ್ಬರಿಗೂ ಸಾಮಾನ್ಯವಾಗಿ ಎರಡಿರುತ್ತವೆ, ಒಂದು ತಂದೆಯ ಕಡೆಯದು, ಇನ್ನೊಂದು ತಾಯಿಯ ಕಡೆಯದು, ಮದುವೆಯಾದರೂ ಬದಲಾಗುವುದಿಲ್ಲ. ನನಗೆ ಒಂದೂ ಇಲ್ಲ. ಶಾಲೆಯಲ್ಲಿ ಹೆಸರಿನ ಹಿಂದೆ ‘ಆರ್’ ಎಂಬ ಇನಿಷಿಯಲ್ ಇತ್ತು. ಪಾಸ್‌ಪೋರ್ಟಿಗಾಗಿ ಅದನ್ನು ಬಿಡಿಸಿ ಅಪ್ಪನ ಹೆಸರನ್ನು ಕುಲನಾಮದ ಜಾಗದಲ್ಲಿ ತುಂಬಿದ್ದೆವು. ಹಾಗಾಗಿ ಆಕೆಗೆ ನಾನು ‘ಸೆಞೋರಾ ರಾಮಚಂದ್ರ’ ಆದೆ. ಎರಡನೆಯದು? ‘ನೊ ತೆಂಗೊ’, ಇಲ್ಲ. ತಾಯಿಯದು? ತಾಯಿಗೂ ಕುಲನಾಮವಿಲ್ಲ. ಆಕೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ನಮ್ಮಲ್ಲಿ ಹೆಸರೆಂದರೆ ಹೆಸರು, ಅದರ ಹಿಂದೆ ಮುಂದೆ ಏನೂ ಇರದಿದ್ದರೂ ನಡೆಯುತ್ತದೆ ಎಂಬುದನ್ನು ನನ್ನ ಆಗಿನ ಸ್ಪ್ಯಾನಿಷ್‌ನಲ್ಲಿ ವಿವರಿಸುವುದು ಸಾಧ್ಯವಿರಲಿಲ್ಲ. ಕೊನೆಗೆ ಎರಡನೆಯ ಚೌಕವನ್ನು ಖಾಲಿ ಬಿಟ್ಟು ಮುಂದೆ ಹೋದರು.

ಇನ್ನು ಹೆಸರು. ‘ಮೆ ಲೊ ದೆಲೆತ್ರೇಆ?’, ಅಕ್ಷರ ಬಿಡಿಸಿ ಹೇಳುತ್ತೀರಾ ಎಂದರು. ವಿಜಯಲಕ್ಷ್ಮಿ ಎಂಬ ನನ್ನ ಹೆಸರು ರೋಮನ್ ಲಿಪಿಯಲ್ಲಿ 13 ಅಕ್ಷರಗಳಷ್ಟಿದೆ. ಹಿಂದಿನ ರಾತ್ರಿಯೇ ಅಭ್ಯಾಸ ಮಾಡಿದ್ದೆ: ಉಬೆ, ಇ, ಹೋತಾ, ಆ, ಇ ಗ್ರ್ಯೇಗಾ, ಆ, ಎಲೆ, ಆ, ಕಾ, ಎಸೆ, ಆಚೆ, ಎಮೆ, ಇ. ಅಭ್ಯಾಸ ಮಾಡುವಾಗ ನಗು ತಡೆಯಲಾಗಿರಲಿಲ್ಲ, ಏಕೆಂದರೆ ನನ್ನ ಹೆಸರಿನ ನಡುಭಾಗದಲ್ಲಿ ಊಟ ಮುಗಿಸಿದ ಯಾರೋ ‘ಎಲೆ ಎಸೆ ಆಚೆ’ ಎಂದು ಕೂಗುತ್ತಿದ್ದ ಹಾಗಿತ್ತು. ಈಗ ಮೇಜಿನ ಮುಂದೆ ಅದೇ ಸಾಲು ಬಂದಾಗ ಮತ್ತೆ ನಕ್ಕೆ. ಆಕೆಯೂ ಕಾರಣ ತಿಳಿಯದೆ ನಕ್ಕರು. ಎಲ್ಲ ಬೆರಳಚ್ಚಿಸಿದ ಮೇಲೆ ಪರದೆಯ ಮೇಲಿದ್ದದ್ದನ್ನು ತಮ್ಮ ಉಚ್ಚಾರಣೆಯಲ್ಲಿ ಓದಿದರು: ‘ಬಿಹಯಲಾಕ್ಸ್ಮಿ’. ನಾನು ‘ಸಿ, ಪೆರ್ಫೆಕ್ತೊ’ ಎಂದೆ.

ಮುಂದಿನ ಪ್ರಶ್ನೆ ಹಣದ ಮೂಲದ್ದು, ‘ಒರೀಹೆನ್ ದೆ ಲೊಸ್ ಫೊಂದೊಸ್’. ಅಕ್ರಮ ಹಣ ತಡೆಯುವ 2010ರ ಕಾಯ್ದೆಯ ಪ್ರಕಾರ ಬ್ಯಾಂಕುಗಳು ಇದನ್ನು ಕೇಳಲೇಬೇಕು. ಆ ಕಾಯ್ದೆಯ ಹೆಸರಿನಲ್ಲಿರುವ ‘ಬ್ಲಾಂಕೇಒ’ ಎಂಬ ಪದಕ್ಕೆ ಬಿಳುಪಾಗಿಸುವುದು ಎಂದರ್ಥ. ಇಂಗ್ಲಿಷಿನವರು ಅಕ್ರಮ ಹಣವನ್ನು ಒಗೆಯುತ್ತಾರೆ, ಸ್ಪೇನಿನವರು ನಮ್ಮಂತೆಯೇ ಕಪ್ಪನ್ನು ಬಿಳಿ ಮಾಡುತ್ತಾರೆ. ‘ನೋಮಿನಾ’ ಎಂದು ಉತ್ತರಿಸಿ ಕರಾರು ಪತ್ರ ತೋರಿಸಿದೆ. ನೋಮಿನಾ ಎಂದರೆ ಸಂಬಳ.

ಆಮೇಲೆ ಆಕೆ ತಿಂಗಳಿಗೆ ಇಷ್ಟೆಂದು ನಿರ್ವಹಣಾ ಶುಲ್ಕವಿರುವ, ಕಾರ್ಡು ಮತ್ತು ವಿಮೆಯ ಜೊತೆಗೂಡಿದ ಒಂದು ಖಾತೆಯನ್ನು ವರ್ಣಿಸತೊಡಗಿದರು. ಇಲ್ಲಿ ಕೇಳಲೇಬೇಕಾದ ವಾಕ್ಯ, ‘ತ್ಯೇನೆ ಕೊಮಿಸ್ಯೋನ್ ದೆ ಮಾಂತೆನಿಮ್ಯೆಂತೊ?’, ನಿರ್ವಹಣಾ ಶುಲ್ಕ ಇದೆಯೇ ಎಂಬುದು. ಸಹೋದ್ಯೋಗಿಯೊಬ್ಬರು ಹೇಳಿಕೊಟ್ಟಿದ್ದ ಇನ್ನೊಂದು ಪದವನ್ನೂ ಪ್ರಯೋಗಿಸಿದೆ: ‘ಕ್ವೆಂತಾ ದೆ ಪಾಗೊ ಬಾಸಿಕಾ’. 2017ರ ಕಾನೂನಿನಂತೆ, ಯುರೋಪಿಯನ್ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಯಾರೇ ಕೇಳಿದರೂ ಬ್ಯಾಂಕುಗಳು ಕೊಡಬೇಕಾದ ಮೂಲಭೂತ ಖಾತೆ ಅದು. ಅದರ ಶುಲ್ಕ ತಿಂಗಳಿಗೆ 3 ಯೂರೋ ಮೀರುವಂತಿಲ್ಲ. ನಾನು ಆ ಪದ ಉಚ್ಚರಿಸುವವರೆಗೆ ಅದರ ಪ್ರಸ್ತಾಪವೇ ಬರಲಿಲ್ಲ, ಉಚ್ಚರಿಸಿದ ಕೂಡಲೇ ‘ಕ್ಲಾರೊ ಕೆ ಸಿ’, ಖಂಡಿತ ಎಂದರು. ಕೇಳದವರಿಗೆ ಹೇಳುವುದಿಲ್ಲ, ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ. ಅಪ್ಪನ ಕಾಲದ ಬ್ಯಾಂಕುಗಳೂ ಇದಕ್ಕೆ ಹೊರತಾಗಿರಲಿಲ್ಲವೆಂದು ಅವರೇ ಒಪ್ಪುತ್ತಾರೆ. ಮಾತು ವೇಗವಾದಾಗಲೆಲ್ಲ ನಾನು ಬಳಸಿದ್ದು, ‘ಮೆ ಪ್ವೇದೆ ಅಬ್ಲಾರ್ ಮಾಸ್ ದೆಸ್ಪಾಥ್ಯೊ, ಪೊರ್ ಫಬೋರ್?’, ಸ್ವಲ್ಪ ನಿಧಾನವಾಗಿ ಮಾತಾಡುತ್ತೀರಾ. ಅದನ್ನು ಕೇಳಿ ಯಾರೂ ಬೇಸರಿಸಿಕೊಳ್ಳಲಿಲ್ಲ. ಕಾಗದಗಳು ಅಚ್ಚಾಗುವ ಹೊತ್ತಿಗೆ ‘ಸೆ ಆ ಕಾಯೀದೊ ಎಲ್ ಸಿಸ್ತೇಮಾ’, ಸಿಸ್ಟಮ್ ಬಿದ್ದುಹೋಗಿದೆ ಎಂದರು. ಅರ್ಧ ಗಂಟೆ ಬೆಂಚಿನ ಮೇಲೆ ಕುಳಿತೆ. ಕೊನೆಗೆ ‘ಫಿರ್ಮೆ ಆಕೀ’, ಇಲ್ಲಿ ಸಹಿ ಮಾಡಿ. ಏಳು ಕಡೆ ಸಹಿ ಮಾಡಿದೆ. ಖಾತೆದಾರಳಾಗಿ ನನ್ನ ಹೆಸರಿನ ಮುಂದೆ ‘ತಿತುಲಾರ್’ ಎಂದಿತ್ತು.

ಅದೇ ದಿನ, ಊರಿನಿಂದ ತಂದಿದ್ದ 1250 ಯೂರೋ ನಗದನ್ನು ಖಾತೆಗೆ ಜಮಾ ಮಾಡಲು ಕೌಂಟರಿಗೆ ಹೋದೆ. ಜಮಾ ಮಾಡುವುದಕ್ಕೆ ‘ಇಂಗ್ರೆಸಾರ್’, ನಗದಿಗೆ ‘ಎಫೆಕ್ತೀಬೊ’. ಚೀಟಿಯಲ್ಲಿ ಅಭ್ಯಾಸಬಲದಿಂದ 1,250 ಎಂದು ಬರೆದೆ. ಕೌಂಟರಿನವರು ಚೀಟಿ ನೋಡಿ, ನೋಟಿನ ಕಟ್ಟು ನೋಡಿ, ‘ಉನ್ ಎಉರೊ ಕೊನ್ ಬೇಯ್ನ್ತಿಥಿಂಕೊ?’ ಎಂದು ಗಂಭೀರವಾಗಿ ಕೇಳಿದರು. ಒಂದು ಯೂರೋ ಇಪ್ಪತ್ತೈದು ಸೆಂಟೇ? ಸ್ಪೇನಿನಲ್ಲಿ ಅಲ್ಪವಿರಾಮವೇ ದಶಮಾಂಶದ ಗುರುತು, ಸಾವಿರವನ್ನು ಬೇರ್ಪಡಿಸುವುದು ಚುಕ್ಕಿ. ಹಾಗಾಗಿ 1.250,00 ಎಂದು ಬರೆಯಬೇಕಿತ್ತು. ಇಂಥದ್ದೇ ಇನ್ನೊಂದು ಎಡವಟ್ಟು ಬಾಯಿಮಾತಿನಲ್ಲಾಯಿತು: ಮುಂದೊಮ್ಮೆ ಎಪ್ಪತ್ತು ಯೂರೋ ಕೇಳಿದಾಗ ಅರವತ್ತು ಕೊಟ್ಟರು, ಏಕೆಂದರೆ ‘ಸೆತೆಂತಾ’ ಎನ್ನಬೇಕಾದಲ್ಲಿ ನಾನು ‘ಸೆಸೆಂತಾ’ ಎಂದಿದ್ದೆ. ಅಂದಿನಿಂದ ಮೊತ್ತವನ್ನು ಬರೆದು ತೋರಿಸುತ್ತಿದ್ದೆ.

ಎಟಿಎಂಗೆ ‘ಕಹೇರೊ’ ಎನ್ನುತ್ತಾರೆ. ವಲೆನ್ಸಿಯಾದಲ್ಲಿ ಅದು ಮೊದಲು ಭಾಷೆ ಕೇಳುತ್ತದೆ: ‘ಕಸ್ತೆಯಾನೊ’ ಎಂದರೆ ನಾವು ಸ್ಪ್ಯಾನಿಷ್ ಎನ್ನುವ ಭಾಷೆ, ‘ವಲೆನ್ಸಿಯಾ’ ಎಂದರೆ ಆ ಪ್ರಾಂತ್ಯದ ನುಡಿ. ಮಾತಿನಲ್ಲಿ ಹಣ ತೆಗೆಯುವುದಕ್ಕೆ ‘ಸಕಾರ್ ದಿನೇರೊ’ ಎನ್ನುತ್ತಾರಾದರೂ ಪರದೆಯ ಮೇಲೆ ‘ರೆಇಂತೇಗ್ರೊ’ ಎಂದಿರುತ್ತದೆ. ಅದನ್ನು ಯಾವುದೋ ಮರುಪಾವತಿ ಎಂದುಕೊಂಡು ಮೊದಲ ಸಲ ಎರಡು ನಿಮಿಷ ಬೇರೆ ಗುಂಡಿಗಳನ್ನೇ ಒತ್ತಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪದ ‘ದೊಮಿಥಿಲ್ಯಾರ್’. ವಿದ್ಯುತ್ತು, ನೀರು, ಫೋನಿನ ಬಿಲ್ಲುಗಳು ಪ್ರತಿ ತಿಂಗಳೂ ತಾವಾಗಿಯೇ ಖಾತೆಯಿಂದ ಕಡಿತವಾಗುವ ವ್ಯವಸ್ಥೆ ಅದು. ‘ದೊಮಿಥೀಲ್ಯೊ’ ಎಂದರೆ ಮನೆ. ಬಿಲ್ಲಿಗೆ ನಮ್ಮ ಖಾತೆಯಲ್ಲೊಂದು ಮನೆ ಕೊಡುವುದು ಎಂಬ ಭಾವ ಅದರಲ್ಲಿದೆ. ‘ಕೆರಿಆ ದೊಮಿಥಿಲ್ಯಾರ್ ಎಲ್ ರೆಥೀಬೊ ದೆ ಲಾ ಲೂಥ್’, ಕರೆಂಟಿನ ಬಿಲ್ಲನ್ನು ಖಾತೆಗೆ ಜೋಡಿಸಬೇಕಿತ್ತು. ಇಲ್ಲಿ ‘ಲೂಥ್’ ಎಂದರೆ ಬೆಳಕು; ನಾವು ‘ಲೈಟ್ ಬಿಲ್ಲು’ ಎಂದ ಹಾಗೆಯೇ. ‘ರೆಥೀಬೊ’ ಎಂಬುದನ್ನು ರಸೀದಿ ಎಂದು ತಿಳಿದರೆ ಮೋಸ ಹೋಗುತ್ತೇವೆ, ಬಹುತೇಕ ಅದು ಕಟ್ಟಬೇಕಾದ ಬಿಲ್ಲು. ಕಟ್ಟಿದ್ದಕ್ಕೆ ಪುರಾವೆ ಬೇಕಾದರೆ ‘ಹುಸ್ತಿಫಿಕಾಂತೆ’ ಎಂದು ಕೇಳಬೇಕು. ಹಣ ವರ್ಗಾಯಿಸುವಾಗ ‘ಇಂಪೋರ್ತೆ’ ಎಂದರೆ ಮೊತ್ತ, ‘ಕೊನ್ಥೆಪ್ತೊ’ ಎಂದರೆ ಯಾವ ಬಾಬ್ತು ಎಂಬುದು. ಸ್ನೇಹಿತರ ನಡುವಿನ ಚಿಲ್ಲರೆ ಲೆಕ್ಕಕ್ಕೆ ನಮ್ಮ ಯುಪಿಐ ಹುಟ್ಟಿದ 2016ರಲ್ಲೇ ಶುರುವಾದ ‘ಬಿಥುಮ್’ ಇದೆ. ‘ತೆ ಆಗೊ ಉನ್ ಬಿಥುಮ್’ ಎಂದರೆ ಫೋನಿನಲ್ಲಿ ಹಾಕುತ್ತೇನೆ ಎಂದರ್ಥ.

ಅಪ್ಪನ ಚಿಂತೆ ಬೇರೆಯದಾಗಿತ್ತು: ಬ್ಯಾಂಕು ಮುಳುಗಿದರೆ? ಠೇವಣಿ ಭದ್ರತಾ ನಿಧಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಒಂದು ಲಕ್ಷ ಯೂರೋವರೆಗೆ ಸಿಗುತ್ತದೆಂದಾಗ, ನಮ್ಮಲ್ಲಿ ಐದು ಲಕ್ಷ ರೂಪಾಯಿ ಎಂದು ನೆನಪಿಸಿದರು. 2008ರ ನಂತರದ ಬಿಕ್ಕಟ್ಟಿನಲ್ಲಿ ಸ್ಪೇನಿನ ಊರೂರಿನ ಉಳಿತಾಯ ಬ್ಯಾಂಕುಗಳು, ‘ಕಾಹಾಸ್ ದೆ ಆಒಱ್ಱೊಸ್’, ಒಂದರಲ್ಲೊಂದು ವಿಲೀನವಾಗಿ, ಹಳೆಯ ಸ್ವರೂಪದಲ್ಲಿ ಉಳಿದದ್ದು ಎರಡೇ: ವಲೆನ್ಸಿಯಾ ಪ್ರಾಂತ್ಯದ ಒಂತಿನ್ಯೆಂತ್‌ನದು ಒಂದು, ಮಯೋರ್ಕಾ ದ್ವೀಪದ ಪೊಯೆನ್ಸಾದ್ದು ಇನ್ನೊಂದು. ವಲೆನ್ಸಿಯಾದ ‘ಬಾಂಕಾಹಾ’ ಮೊದಲು ಬಾಂಕಿಯಾದಲ್ಲಿ, ಬಾಂಕಿಯಾ 2021ರಲ್ಲಿ ಕೈಶಾಬ್ಯಾಂಕ್‌ನಲ್ಲಿ ಕರಗಿತು. ನನ್ನ ಮನೆಯೊಡತಿ ಮಾತ್ರ ಇಂದಿಗೂ ‘ಬಾಂಕಾಹಾಕ್ಕೆ ಹೋಗಿಬರುತ್ತೇನೆ’ ಎನ್ನುತ್ತಾರೆ. 2020ರ ಏಪ್ರಿಲ್ 1ರಂದು ಕೆನರಾದೊಳಗೆ ಸೇರಿಹೋದ ಬ್ಯಾಂಕನ್ನು ಅಪ್ಪ ಇಂದಿಗೂ ‘ಸಿಂಡಿಕೇಟ್’ ಎಂದೇ ಕರೆಯುತ್ತಾರೆ.

2024ರ ಸೆಪ್ಟೆಂಬರ್‌ನಲ್ಲಿ ಒಪ್ಪಂದ ಮುಗಿದು ಊರಿಗೆ ಹೊರಡುವ ಮೊದಲು ಖಾತೆ ಮುಚ್ಚಲು ಹೋದೆ. ಮುಚ್ಚುವುದಕ್ಕೆ ‘ಕಾಂಥೆಲಾರ್’ ಎನ್ನುತ್ತಾರೆ; ಆರು ತಿಂಗಳು ದಾಟಿದ ಖಾತೆಗೆ ಇದಕ್ಕಾಗಿ ಶುಲ್ಕ ಕೇಳುವಂತಿಲ್ಲ. ಮನೆ ಕೊಟ್ಟಿದ್ದ ಬಿಲ್ಲುಗಳನ್ನೆಲ್ಲ ಮೊದಲೇ ಎಬ್ಬಿಸಿ ಕಳಿಸಿದ್ದೆ. ಮೇಜಿನ ಹಿಂದೆ ಹೊಸಬನೊಬ್ಬನಿದ್ದ. ‘ಕೆರಿಆ ಕಾಂಥೆಲಾರ್ ಲಾ ಕ್ವೆಂತಾ’ ಎಂದು ಹೇಳಿ, ಕೇಳುವ ಮೊದಲೇ ಪಾಸ್‌ಪೋರ್ಟು, ಗುರುತಿನ ಚೀಟಿ, ಕಾರ್ಡು ಮೂರನ್ನೂ ಮುಂದಿಟ್ಟೆ. ಆತ ಒಂದೊಂದನ್ನೇ ನೋಡಿದ, ಏನೂ ‘ಫಾಲ್ತಾ’ ಆಗಿರಲಿಲ್ಲ. ಕತ್ತರಿಯಿಂದ ಕಾರ್ಡನ್ನು ಅಡ್ಡಲಾಗಿ ಎರಡು ತುಂಡು ಮಾಡಿದ, ಒಂದು ಸಹಿ ಮಾಡಿಸಿಕೊಂಡ, ಶಿಲ್ಕು 0,00 ಎಂದು ಅಚ್ಚಾದ ಹುಸ್ತಿಫಿಕಾಂತೆಯನ್ನು ಕೈಗಿತ್ತ. ಉಳಿದಿದ್ದ 3 ಯೂರೋ 47 ಸೆಂಟನ್ನು ಕೌಂಟರಿನಿಂದ ಬಿಡಿ ನಾಣ್ಯಗಳಲ್ಲಿ ಎಣಿಸಿ ಕೊಟ್ಟರು. ‘ಆಲ್ಗೊ ಮಾಸ್?’, ಇನ್ನೇನಾದರೂ?

‘ನಾದಾ ಮಾಸ್, ಗ್ರಾಥ್ಯಾಸ್’ ಎಂದು ಹೇಳಿ, ಬಾಗಿಲನ್ನು ಸರಿಯಾಗಿ ಎಳೆದು ಹೊರಬಂದೆ.